ಎರಡನೇ ಸಹಿ

ಮೊದಲ ಮಳೆ ಬಿದ್ದ ಮರುದಿನ ತಮ್ಮ ಕೆಲಸದಿಂದ ಬರುವಾಗ ಅಂಗಿಯ ಜೇಬಿನಲ್ಲಿ ಬೆಂಕಿಪೊಟ್ಟಣ ಇಟ್ಟುಕೊಂಡು, ಅದರ ಮೇಲೆ ಅಂಗೈ ಮುಚ್ಚಿಕೊಂಡು ಬಂದ. ಜನ್ಮದಲ್ಲಿ ಸಿಗರೇಟು ಮುಟ್ಟದವನ ಜೇಬಿನಲ್ಲಿ ಬೆಂಕಿಪೊಟ್ಟಣ ಕಂಡರೆ ಯಾವ ಅಕ್ಕನಿಗೆ ಅನುಮಾನ ಬರುವುದಿಲ್ಲ? ಅದರಲ್ಲೂ ಆರು ತಿಂಗಳಿಂದ ಕೆಮ್ಮು ಬಿಡದೆ ಕಾಡುತ್ತಿದ್ದವನ ಜೇಬಿನಲ್ಲಿ.

"ತೆಗಿ ಅದನ್ನ," ಎಂದಳು ಅಕ್ಕ.

"ತೆಗೀತೀನಿ. ಕಿರುಚಬೇಡ ಅಷ್ಟೇ."

ಒಳಗೆ ಒಂದು ಇರುವೆ ಇತ್ತು. ಕಪ್ಪಗೆ, ದಪ್ಪಗೆ, ಕಿರುಬೆರಳಿನ ಉಗುರಿನಷ್ಟು ಉದ್ದ. ಬೆನ್ನ ಮೇಲೆ ರೆಕ್ಕೆ ಉದುರಿದ ಗುರುತು.

"ಕಾಳು ಕೂಡಿಡೋ ಇರುವೆ ಇದ್ಯಲ್ಲ, ಅದರ ರಾಣಿ," ಎಂದ ತಮ್ಮ. "ನಿನ್ನೆ ಹಾರಿ ಗಂಡು ಮಾಡ್ಕೊಂಡಿದ್ದಾಳೆ. ಇವತ್ತು ರೆಕ್ಕೆ ಉದುರಿಸ್ಕೊಂಡು, ಲಾರಿ ತೂಗೋ ಜಾಗದ ಹತ್ರ ಬಿಲ ತೋಡೋಕೆ ನೆಲ ಹುಡುಕ್ತಾ ಇದ್ಲು. ಚಕ್ರದ ಕೆಳಗೆ ಸಿಕ್ಕಿ ಸಾಯ್ತಾ ಇದ್ಲು, ಎತ್ಕೊಂಡು ಬಂದೆ."

"ನಲವತ್ತನಾಲ್ಕು ವರ್ಷ ಆಯ್ತು. ಹೆಣ್ಣು ನೋಡೋಕೆ ಬಾರೋ ಅಂದ್ರೆ ತಲೆ ತಪ್ಪಿಸ್ಕೊಂಡು ಓಡಾಡ್ದೆ. ಈಗ ಕರ್ಕೊಂಡು ಬಂದಿದ್ದೀಯ, ಅದೂ ಇನ್ನೊಬ್ಬನ ಹೆಂಡತೀನ."

"ಆ ಗಂಡ ಆಗ್ಲೇ ಸತ್ತಿರ್ತಾನೆ ಬಿಡು. ಅವರ ಆಯಸ್ಸೇ ಅಷ್ಟು."

ಇಬ್ಬರೂ ನಕ್ಕರು. ತಮ್ಮನ ನಗು ಅರ್ಧಕ್ಕೇ ಕೆಮ್ಮಾಯಿತು. ಅವನು ಗೋಡೆ ಹಿಡಿದು ನಿಂತು ಕೆಮ್ಮುತ್ತಿದ್ದಷ್ಟು ಹೊತ್ತೂ ಇನ್ನೊಂದು ಕೈ ಬೆಂಕಿಪೊಟ್ಟಣವನ್ನು ಅಲುಗದಂತೆ ಎತ್ತಿ ಹಿಡಿದಿತ್ತು.

ಮನೆಯಲ್ಲಿದ್ದವರು ಈ ಇಬ್ಬರೇ. ತಾಯಿ ಹೋದಾಗ ಅಕ್ಕನಿಗೆ ಹತ್ತೊಂಬತ್ತು, ತಮ್ಮನಿಗೆ ಒಂಬತ್ತು. ಅವನ ಶಾಲೆ, ಅವನ ಜ್ವರ, ಅವನ ಹರಿದ ಮೊಣಕಾಲು ನೋಡಿಕೊಳ್ಳುವುದರಲ್ಲಿ ಅವಳ ಮದುವೆಯ ವಯಸ್ಸು ಯಾವಾಗ ದಾಟಿತೋ ಅವಳಿಗೇ ತಿಳಿಯಲಿಲ್ಲ. ತಿಳಿದವರು ಯಾರೂ ಹೇಳಲಿಲ್ಲ. ದೊಡ್ಡವನಾದ ಮೇಲೆ ಅವನು ಧಾನ್ಯದ ಗೋದಾಮಿನಲ್ಲಿ ಚೀಲದ ಬಾಯಿ ಹೊಲಿಯುವ ಕೆಲಸಕ್ಕೆ ಸೇರಿದ. ಇಪ್ಪತ್ತೆರಡು ವರ್ಷ ಆ ಧೂಳನ್ನೇ ಉಸಿರಾಡಿದ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳೋ ಎಂದು ಅಕ್ಕ ಹೇಳದ ದಿನವಿಲ್ಲ, ಅವನು ಕಟ್ಟಿಕೊಂಡ ದಿನವೂ ಇಲ್ಲ.

ಅಕ್ಕನ ಕೆಲಸ ಬೀಜ ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ. ಒದ್ದೆ ಕಾಗದ ಹಾಸಿದ ತಟ್ಟೆಯಲ್ಲಿ ನೂರು ಬೀಜ ಸಾಲಾಗಿ ಇಟ್ಟು, ಬೆಚ್ಚನೆಯ ಪೆಟ್ಟಿಗೆಯೊಳಗೆ ತಳ್ಳಿ, ಎಷ್ಟು ಮೊಳೆತವು ಎಂದು ಎಣಿಸುವುದು. ಬೆಳಿಗ್ಗೆ ಏಳು ಹತ್ತಕ್ಕೆ ಪೆಟ್ಟಿಗೆ ತೆರೆಯಬೇಕು, ಬೂಷ್ಟು ಹಿಡಿದ ಬೀಜವನ್ನು ಚಿಮಟದಿಂದ ಎತ್ತಿ ಹಾಕಬೇಕು, ಪುಸ್ತಕದಲ್ಲಿ ಸಂಖ್ಯೆ ಬರೆದು ಸಹಿ ಹಾಕಬೇಕು. ಆಮೇಲೆ ಇನ್ನೊಬ್ಬರು ಅದೇ ತಟ್ಟೆಯನ್ನು ಹೊಸದಾಗಿ ಎಣಿಸಿ, ಲೆಕ್ಕ ತಾಳೆಯಾದರೆ ಪಕ್ಕದಲ್ಲಿ ಎರಡನೇ ಸಹಿ ಹಾಕುತ್ತಾರೆ. ಎರಡನೇ ಸಹಿ ಇಲ್ಲದ ಸಂಖ್ಯೆ ಅಲ್ಲಿ ಸಂಖ್ಯೆಯೇ ಅಲ್ಲ. ಇಪ್ಪತ್ತಾರು ವರ್ಷದಲ್ಲಿ ಅಕ್ಕನ ಲೆಕ್ಕ ತಪ್ಪೆಂದು ಯಾರೂ ಬೆರಳು ತೋರಿಸಿರಲಿಲ್ಲ. ಪ್ರಯೋಗಾಲಯದಲ್ಲಿ ಅವಳಿಗೆ 'ಎಣಿಕೆಯಮ್ಮ' ಎಂದೇ ಹೆಸರು. ಗೋಧಿಗೆ ನಾಲ್ಕನೇ ದಿನದ ಮೊದಲ ಎಣಿಕೆ, ಎಂಟನೇ ದಿನದ ಕೊನೆಯ ಎಣಿಕೆ ಎಂದು ಊಟದ ಹೊತ್ತಿನಲ್ಲೂ ಅದೇ ಮಾತು. ತಮ್ಮ ತಟ್ಟೆಯಿಂದ ತಲೆ ಎತ್ತದೆ ಹೂಂ ಹೂಂ ಎನ್ನುತ್ತಿದ್ದ. ಅವನು ಕೇಳಿಸಿಕೊಳ್ಳುತ್ತಿದ್ದಾನೆಂದು ಅವಳಿಗೆ ಯಾವತ್ತೂ ಅನ್ನಿಸಿರಲಿಲ್ಲ.

ರಾಣಿಗೆ ಮನೆ ಮಾಡಿಕೊಡಲು ತಮ್ಮ ಅಕ್ಕನಿಂದ ಒಂದು ಟೆಸ್ಟ್ ಟ್ಯೂಬು ತರಿಸಿದ. ಮೂರನೇ ಒಂದು ಭಾಗಕ್ಕೆ ನೀರು ತುಂಬಿ, ನೀರು ಹೊರಗೆ ಬರದಂತೆ ಹತ್ತಿ ಒತ್ತಿದ. ಹತ್ತಿ ಒದ್ದೆಯಾಗಿಯೇ ಇರುತ್ತದೆ, ರಾಣಿ ಬೇಕಾದಾಗ ನೀರು ಹೀರುತ್ತಾಳೆ. ಖಾಲಿ ಜಾಗದಲ್ಲಿ ರಾಣಿಯನ್ನು ಬಿಟ್ಟು, ಬಾಯಿಗೆ ಗಾಳಿಯಾಡುವಷ್ಟು ಸಡಿಲವಾಗಿ ಇನ್ನೊಂದು ಹತ್ತಿ ತುರುಕಿದ. ಟ್ಯೂಬಿಗೆ ಕಪ್ಪು ಬಟ್ಟೆ ಸುತ್ತಿ ಬಟ್ಟೆಯ ಕಪಾಟಿನ ಕೆಳಗಿನ ಅರೆಯಲ್ಲಿ, ಚಳಿಗಾಲದ ಹೊದಿಕೆಗಳ ನಡುವೆ ಇಟ್ಟ. ಇಷ್ಟೆಲ್ಲ ಅವನು ಫೋನಿನಲ್ಲಿ ನೋಡಿ ಕಲಿತಿದ್ದ.

"ತಿನ್ನೋಕೆ?" ಎಂದಳು ಅಕ್ಕ.

"ಏನೂ ಬೇಡ. ಉದುರಿಸಿದ ರೆಕ್ಕೆ ಇತ್ತಲ್ಲ, ಆ ರೆಕ್ಕೆ ಬಡಿಯೋ ಮಾಂಸ ಮೈಯೊಳಗೇ ಇರುತ್ತೆ. ಅದನ್ನೇ ಕರಗಿಸಿ ಮಕ್ಕಳನ್ನ ಸಾಕ್ತಾಳೆ. ಮೊದಲ ಮಕ್ಕಳು ಹೊರಗೆ ಬಂದ ಮೇಲೆ ಕಾಳು ಹಾಕೋದು. ಬಣ್ಣ ಹಚ್ಚಿದ ಬೀಜ ತರಬೇಡ ಮತ್ತೆ, ಅದರಲ್ಲಿ ವಿಷ ಇರುತ್ತೆ."

"ನಂಗೆ ಬೀಜದ ಪಾಠ ಹೇಳ್ಬೇಡ."

"ಅವು ಕಾಳಿನ ಮೊಳಕೆ ಬರೋ ಜಾಗ ಕಚ್ಚಿ ಹಾಕ್ತಾವಂತೆ ಅಕ್ಕ, ಬಿಲದೊಳಗೆ ಮೊಳೀಬಾರ್ದು ಅಂತ. ನಿನ್ನ ಕೆಲಸಕ್ಕೆ ಕಲ್ಲು ಹಾಕೋ ಜಾತಿ." ಆಮೇಲೆ ನಗು ನಿಲ್ಲಿಸಿ ಹೇಳಿದ, "ಒಂದೇ ಮಾತು. ಪದೇ ಪದೇ ತೆಗೆದು ನೋಡಬಾರದು. ಬೆಳಕು ಬಿದ್ರೆ, ಅಲುಗಾಡಿಸಿದ್ರೆ ಹೆದರಿಕೊಂಡು ಇಟ್ಟ ಮೊಟ್ಟೇನೆಲ್ಲ ತಾನೇ ತಿಂದುಬಿಡ್ತಾಳೆ. ಭಾನುವಾರ ಒಂದ್ಸಲ ಸಾಕು."

ಒಂಬತ್ತನೇ ದಿನ ಗೋದಾಮಿನಲ್ಲಿ ತಮ್ಮನಿಗೆ ಉಸಿರು ಸಿಗದೆ ಹೋಯಿತು. ಲಾರಿಯವರೇ ಎತ್ತಿಕೊಂಡು ಹೋಗಿ ಆಸ್ಪತ್ರೆಯ ಎದೆರೋಗದ ವಾರ್ಡಿಗೆ ಸೇರಿಸಿದರು. ಹನ್ನೊಂದನೇ ನಂಬರಿನ ಹಾಸಿಗೆ. ನೋಡಲು ಬಿಡುವುದು ಸಂಜೆ ನಾಲ್ಕರಿಂದ ಆರರವರೆಗೆ. ಡಾಕ್ಟರು ಅಕ್ಕನನ್ನು ಪಕ್ಕಕ್ಕೆ ಕರೆದು, ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು, ಶ್ವಾಸಕೋಶ ಪೂರ್ತಿ ಗಟ್ಟಿಯಾಗಿಬಿಟ್ಟಿದೆ, ಇನ್ನು ವಾರಗಳ ಲೆಕ್ಕ ಅಂದರು. ಎಷ್ಟು ವಾರ ಎಂದು ಅವಳು ಕೇಳಿದಳು. ಅವರು ಹೇಳಲಿಲ್ಲ. ಸಂಖ್ಯೆ ಹೇಳದವರನ್ನು ಕಂಡರೆ ಅವಳಿಗೆ ಮೊದಲಿಂದಲೂ ಆಗುತ್ತಿರಲಿಲ್ಲ. ಅವತ್ತಂತೂ ಆ ಡಾಕ್ಟರನ್ನು ಹಿಡಿದು ಅಲುಗಾಡಿಸಬೇಕು ಅನ್ನಿಸಿತು.

ತಮ್ಮನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವನು ಗೋಡೆಯ ಕಡೆ ತಿರುಗಿ ಮಲಗಿದ್ದ. ಬ್ರೆಡ್ಡು ಮುಟ್ಟಿರಲಿಲ್ಲ, ಹಾಲು ಕೆನೆಗಟ್ಟಿತ್ತು. ಅಕ್ಕ ಸ್ಟೂಲಿನ ಮೇಲೆ ಕುಳಿತು ಅವನ ಉಸಿರು ಎಣಿಸಿದಳು. ನಿಮಿಷಕ್ಕೆ ಮೂವತ್ತೊಂದು. ಮತ್ತೆ ಎಣಿಸಿದಳು, ಮೂವತ್ತೊಂದೇ. ಎರಡು ದಿನ ಹೀಗೇ ಕಳೆಯಿತು.

ಮೂರನೇ ದಿನ ಬೆಳಿಗ್ಗೆ ಏಳು ಹತ್ತಕ್ಕೆ ಅವಳ ಕಾಲು ತಾನಾಗಿ ಕಪಾಟಿನ ಮುಂದೆ ಹೋಗಿ ನಿಂತಿತು. ಅವತ್ತು ಭಾನುವಾರವಲ್ಲ. ನೋಡದೆ ಬಿಟ್ಟ ತಟ್ಟೆ ಕೊಳೆಯುತ್ತದೆ ಎಂದು ಇಪ್ಪತ್ತಾರು ವರ್ಷ ನಂಬಿ ಬದುಕಿದವಳಿಗೆ, ನೋಡದೆ ಇರುವುದು ಆರೈಕೆ ಎಂದು ಒಪ್ಪಿಕೊಳ್ಳಲು ಮನಸ್ಸಾದರೂ ಹೇಗೆ ಬರಬೇಕು? ಟ್ಯೂಬನ್ನು ಕಿಟಕಿಯ ಹತ್ತಿರ ತಂದು ಭೂತಗನ್ನಡಿ ಹಿಡಿದಳು. ರಾಣಿಯ ಬಾಯಿಯ ಹತ್ತಿರ ರವೆಯಂಥ ಬಿಳಿ ಮೊಟ್ಟೆಗಳು ಅಂಟಿಕೊಂಡಿದ್ದವು.

"ಮೊಟ್ಟೆ ಇಟ್ಟಿದ್ದಾಳೆ," ಎಂದಳು ಅವತ್ತು ಸಂಜೆ, ಗೋಡೆ ನೋಡುತ್ತಿದ್ದ ಬೆನ್ನಿಗೆ. "ಒಂಬತ್ತು."

ಬೆನ್ನು ಅಲುಗಿತು. ಅವನು ನಿಧಾನವಾಗಿ ಈ ಕಡೆ ತಿರುಗಿದ.

"ಭಾನುವಾರ ಅಲ್ವಾ ನೋಡ್ಬೇಕಾಗಿದ್ದು?"

"ಹೊದಿಕೆ ತೆಗೆಯೋಕೆ ಹೋದೆ, ಕಣ್ಣಿಗೆ ಬಿತ್ತು."

ಅವನು ನಂಬಲಿಲ್ಲ, ಬೈಯಲೂ ಇಲ್ಲ. "ಒಂಬತ್ತಾ? ಸರಿಯಾಗಿ ಎಣಿಸಿದ್ಯಾ? ಬರ್ಕೊಂಡಿದ್ಯಾ?" ಎಂದು ಕೇಳಿ ಬ್ರೆಡ್ಡಿನ ತಟ್ಟೆಗೆ ಕೈ ಚಾಚಿದ. ಎರಡು ದಿನದಲ್ಲಿ ಅದು ಅವನ ಮೊದಲ ತುತ್ತು. ಅಕ್ಕನಿಗೆ ಅಷ್ಟು ಸಾಕಿತ್ತು.

ಮರುದಿನ ಅವಳು ಪ್ರಯೋಗಾಲಯದಲ್ಲಿ ಅರ್ಧ ಉಳಿದಿದ್ದ ಹಳೆಯ ಎಣಿಕೆ ಪುಸ್ತಕವೊಂದನ್ನು ಕೇಳಿಕೊಂಡು ತಂದಳು. ತಾರೀಕು, ಸಂಖ್ಯೆ, ಎಣಿಸಿದವರ ಸಹಿ, ಎರಡನೇ ಸಹಿ. ಅವತ್ತು ಬೆಳಿಗ್ಗೆ ಕಂಡ ಮೊಟ್ಟೆ ಹನ್ನೊಂದು ಎಂದು ಬರೆದು ಆಸ್ಪತ್ರೆಗೆ ಒಯ್ದಳು. ತಮ್ಮ ಅದನ್ನು ಎದೆಯ ಮೇಲೆ ಇಟ್ಟುಕೊಂಡು ನೋಡಿದ.

"ಎರಡನೇ ಸಹಿ ಯಾರದು?"

"ನೀನೇ ಹಾಕು. ಯಜಮಾನ ನೀನಲ್ವಾ?"

"ನೋಡದೆ ಹಾಕಬಹುದಾ?"

"ನಮ್ಮಲ್ಲಿ ಹಾಕಂಗಿಲ್ಲ. ಇಲ್ಲಿ ಹಾಕು."

ಅವನು ಸಹಿ ಹಾಕಿದ. ಪಕ್ಕದ ಹಾಸಿಗೆಯ ಮುದುಕ ಅದೇನೆಂದು ಕೇಳಿದರೆ, "ಮನೇಲಿ ಬಾಣಂತಿ ಇದ್ದಾಳೆ," ಎಂದು ಕಣ್ಣು ಮಿಟುಕಿಸಿದ. ಅಲ್ಲಿಂದ ಮುಂದೆ ದಿನವೂ ಅವಳು ನೋಡಿದಳು. ತಪ್ಪೆಂದು ಇಬ್ಬರಿಗೂ ಗೊತ್ತಿತ್ತು. ನೋಡು ಎಂದು ಅವನು ಹೇಳಲಿಲ್ಲ, ನೋಡಬೇಡ ಎಂದೂ ಹೇಳಲಿಲ್ಲ. ನಾಲ್ಕು ಗಂಟೆಗೆ ವಾರ್ಡಿನ ಬಾಗಿಲು ತೆರೆಯುವ ಮೊದಲೇ ಅವನು ಎದ್ದು ಕುಳಿತಿರುತ್ತಿದ್ದ ಎಂದು ನರ್ಸು ಹೇಳಿದಳು.

ಹದಿನಾಲ್ಕು. ಮತ್ತೆ ಹದಿನಾಲ್ಕು. ಆಮೇಲೆ ಒಂದು ಬೆಳಿಗ್ಗೆ ಎಣಿಸಿದರೆ ಹತ್ತು. ಎರಡನೇ ಸಲ ಎಣಿಸಿದಳು, ಹತ್ತೇ. ರಾಣಿ ಟ್ಯೂಬಿನ ಉದ್ದಕ್ಕೂ ಅತ್ತಿಂದಿತ್ತ ಓಡಾಡುತ್ತ ಬಾಯಿಯ ಹತ್ತಿಯನ್ನು ಕಚ್ಚಿ ಎಳೆಯುತ್ತಿದ್ದಳು. ಅಕ್ಕ ಬೇಗ ಬೇಗ ಬಟ್ಟೆ ಸುತ್ತಿ ಟ್ಯೂಬನ್ನು ಒಳಗಿಟ್ಟಳು. ಆ ಸಂಜೆ ಆಸ್ಪತ್ರೆಯ ಮೆಟ್ಟಿಲಲ್ಲಿ ಕುಳಿತು ಪುಸ್ತಕ ತೆರೆದಳು. ಹತ್ತು ಎಂದು ಬರೆಯಲು ಪೆನ್ನು ಊರಿದವಳು ಹದಿನೇಳು ಎಂದು ಬರೆದಳು. ಇಪ್ಪತ್ತಾರು ವರ್ಷ ಬರೆದ ನಿಜದ ಸಂಖ್ಯೆಗಳೂ ಹೀಗೇ ಸಲೀಸಾಗಿ ಬಂದಿದ್ದವು, ಈ ಸುಳ್ಳೂ ಅಷ್ಟೇ ಸಲೀಸಾಗಿ ಬಂತು. ಅದೇ ಅವಳಿಗೆ ಹೇಸಿಗೆಯಾಯಿತು.

ಆಮೇಲಿನ ಬೆಳಿಗ್ಗೆ ಐದು. ಅದರ ಮರುದಿನ ಒಂದೂ ಇಲ್ಲ. ಬರಿದಾದ ಗಾಜಿನೊಳಗೆ ರಾಣಿ ಮೂಲೆ ಹಿಡಿದು ಕುಳಿತಿದ್ದಳು. ನಾನೇ ತಿನ್ನಿಸಿದೆ, ಎಂದುಕೊಂಡಳು ಅಕ್ಕ. ಗಟ್ಟಿಯಾಗಿ ಅತ್ತಳು, ಮನೆಯಲ್ಲಿ ಯಾರೂ ಇರಲಿಲ್ಲವಲ್ಲ. ಆದರೂ ಅಭ್ಯಾಸ ಎಂಬುದಿದೆಯಲ್ಲ, ಮರುದಿನ ಏಳು ಹತ್ತಕ್ಕೆ ಮತ್ತೆ ಕಪಾಟು ತೆರೆದಳು.

ಪುಸ್ತಕದಲ್ಲಿ ಮಾತ್ರ ರಾಣಿಯ ಸಂಸಾರ ದಿನದಿನಕ್ಕೆ ಏರುತ್ತಿತ್ತು. ಇಪ್ಪತ್ತೊಂದು, ಇಪ್ಪತ್ತಮೂರು, ಇಪ್ಪತ್ತನಾಲ್ಕು. ಇನ್ನೂ ಏರಿಸಿದರೆ ಅನುಮಾನ ಬಂದೀತೆಂದು ಇಪ್ಪತ್ತನಾಲ್ಕಕ್ಕೇ ನಿಲ್ಲಿಸಿದಳು. ಇಪ್ಪತ್ತನಾಲ್ಕು, ಇಪ್ಪತ್ತನಾಲ್ಕು, ಇಪ್ಪತ್ತನಾಲ್ಕು. ಸಹಜವಾಗಿ ಕಾಣಲೆಂದು ಕೊನೆಗೆ ಒಂದು ದಿನ 'ಮೂರು ಕೆಟ್ಟಿವೆ' ಎಂದೂ ಸೇರಿಸಿದಳು. ಅವತ್ತು ತಮ್ಮ ಸಹಿ ಹಾಕುವ ಮೊದಲು ಪುಟದ ಮೇಲೆ ಬೆರಳಿಟ್ಟು ಮೇಲಿಂದ ಕೆಳಗೆ ಇಳಿಸಿದ. ಮತ್ತೆ ಮೇಲೆ ಹೋದ.

"ಅಕ್ಕ, ಇದು ಗೋಧಿ ಲೆಕ್ಕ ಅಲ್ವಾ?"

ಅವಳು ಪುಟದ ಕಡೆ ಬಗ್ಗಿದಳು.

"ಹದಿನೇಳರಿಂದ ನೋಡು, ನಾಲ್ಕನೇ ದಿನದವರೆಗೆ ಏರುತ್ತೆ. ಆಮೇಲೆ ನಿಲ್ಲುತ್ತೆ. ಎಂಟನೇ ದಿನಕ್ಕೆ ಕೊನೆ ಎಣಿಕೆ, ಕೆಟ್ಟಿದ್ದು ಬೇರೆ ಬರೀಬೇಕು." ಒಂದೊಂದು ಮಾತಿಗೂ ಅವನು ಉಸಿರು ಎಳೆದುಕೊಳ್ಳುತ್ತಿದ್ದ. "ಇಪ್ಪತ್ತಾರು ವರ್ಷ ಊಟದ ಜೊತೆ ಇದನ್ನೇ ಉಂಡಿದ್ದೀನಿ. ಇರುವೆ ಹೀಗೆ ನಿಲ್ಲಲ್ಲ ಅಕ್ಕ. ನಿಜವಾಗ್ಲೂ ಎಷ್ಟಿದೆ?"

"ಒಂದೂ ಇಲ್ಲ ಕಣೋ."

ಅವನು ಗೋಡೆಯ ಕಡೆ ತಿರುಗಿಕೊಂಡ. ಆರು ಗಂಟೆಯ ಗಂಟೆ ಬಾರಿಸುವವರೆಗೂ ತಿರುಗಲಿಲ್ಲ. ಅಕ್ಕ ಮನೆಗೆ ನಡೆದೇ ಬಂದಳು. ಎರಡು ಬಸ್ಸು ಪಕ್ಕದಲ್ಲೇ ನಿಂತು ಹೋದವು, ಅವಳಿಗೆ ಹತ್ತಬೇಕೆಂದೇ ಹೊಳೆಯಲಿಲ್ಲ. ಅವನನ್ನು ಕೂರಿಸಿದ್ದ ಒಂದೇ ಒಂದು ಆಸರೆಯನ್ನು ತಾನೇ ಕಿತ್ತು ಹಾಕಿದೆ ಎಂದು ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಂಡಳು.

ಮರುದಿನ ಬರಿಗೈಯಲ್ಲಿ ಹೋದಳು. ತಮ್ಮ ಎದ್ದು ಕುಳಿತಿದ್ದ.

"ಪುಸ್ತಕ ಎಲ್ಲಿ?"

"ಇನ್ಯಾತಕ್ಕೋ ಪುಸ್ತಕ?"

"ನಾಳೆ ತಾ. ಈಗ ಹೇಳೋದನ್ನ ಕೇಳು. ಅವಳು ಬದುಕಿದ್ದಾಳಲ್ಲ? ಹಾಗಾದ್ರೆ ಮತ್ತೆ ಇಡ್ತಾಳೆ. ಮೈಯಲ್ಲಿ ಇನ್ನೂ ಶಕ್ತಿ ಇರುತ್ತೆ, ತಿಂದಿದ್ದೂ ವ್ಯರ್ಥ ಆಗಲ್ಲ. ಕಪಾಟಿಗೆ ಬೀಗ ಹಾಕಿ ಬೀಗದ ಕೈ ನಂಗೆ ತಂದುಕೊಡು. ನಾಳೆಯಿಂದ ಆರು ವಾರ. ಅಷ್ಟರೊಳಗೆ ಬೀಗ ಒಡೆದು ನೋಡಿದ್ಯೋ, ನನ್ನಾಣೆ."

"ಮತ್ತೆ ಲೆಕ್ಕ?"

"ಲೆಕ್ಕ ದಿನಾ ಬೇಕು. ನೋಡದೇ ಹೇಳು." ದಿಂಬಿಗೆ ಒರಗಿಕೊಂಡು ಹೇಳಿದ, "ಸುಳ್ಳು ಹೇಳೋದಾದ್ರೂ ನೆಟ್ಟಗೆ ಹೇಳು. ನಾನು ಹೇಳಿಕೊಡ್ತೀನಿ."

ಅಂದಿನಿಂದ ಅಕ್ಕ ತಮ್ಮಂದಿರ ಸುಳ್ಳು ಲೆಕ್ಕ ಶುರುವಾಯಿತು. ಬೀಗದ ಕೈ ತಮ್ಮನ ದಿಂಬಿನ ಕೆಳಗೆ, ಪುಸ್ತಕ ಅಕ್ಕನ ಚೀಲದಲ್ಲಿ. ಮೊದಲ ವಾರ ಬರೀ ಸೊನ್ನೆ ಬರೆಸಿದ, ಹೆದರಿದವಳು ಸುಧಾರಿಸಿಕೊಳ್ಳಲಿ ಎಂದು. ಆಮೇಲೆ ನಾಲ್ಕು, ಏಳು, ಹನ್ನೆರಡು. ಅಕ್ಕ ಆಸೆಬುರುಕಿಯಂತೆ ಇಪ್ಪತ್ತು ಎಂದರೆ, "ಒಂದೇ ವಾರಕ್ಕೆ ಇಪ್ಪತ್ತಾ? ಅವಳೇನು ಕೋಳಿ ಫಾರಮ್ಮಾ?" ಎಂದು ಹೊಡೆದು ಹಾಕುತ್ತಿದ್ದ. ಮೊಟ್ಟೆ ಒಡೆದು ಹುಳುವಾಗುವುದು, ಹುಳು ಕೊಕ್ಕೆಯಂತೆ ಮುದುಡಿಕೊಂಡು ಮಲಗಿ ರಾಣಿಯ ಬಾಯಿಂದ ತಿನ್ನುವುದು, ದಪ್ಪಗಾಗಿ ಬೆಳ್ಳಗೆ ಕೋಶವಾಗುವುದು, ಎಲ್ಲ ಅವನ ಬಾಯಿಂದಲೇ ಬಂತು. ಅವಳು ಅವನು ಹೇಳಿದಂತೆ ಬರೆದಳು. ಅವನು ಸಹಿ ಹಾಕಿದ. ಇಬ್ಬರೂ ಆ ಹೊತ್ತು ಆ ಕತ್ತಲ ಕಪಾಟಿನೊಳಗೇ ಇದ್ದರು. ಇಡೀ ಜನ್ಮದಲ್ಲಿ ಅವರು ಇಷ್ಟು ಮಾತಾಡಿಕೊಂಡದ್ದೇ ಇಲ್ಲ.

ಉಸಿರು ಮೂವತ್ತೆಂಟಕ್ಕೆ ಏರಿತು. ಸಹಿ ಗೀಟಾಯಿತು. ನಾಲ್ಕನೇ ವಾರದ ಕೊನೆಗೆ, "ಒಂದು ಕೋಶ ಕಂದು ಬಣ್ಣಕ್ಕೆ ತಿರುಗಿದೆ ಅಂತ ಬರಿ," ಎಂದ. "ಇನ್ನೇನು, ಎರಡು ವಾರ."

"ಎಷ್ಟು ಜನ ಹೊರಗೆ ಬರ್ತಾರೆ?"

"ಏಳು." ಯೋಚಿಸಿ ಹೇಳಿದ. "ಚಿಕ್ಕಚಿಕ್ಕವು. ಮೊದಲನೆಯವು ಯಾವಾಗ್ಲೂ ಚಿಕ್ಕವು, ಹೊಟ್ಟೆಗೆ ಸಾಲದೆ ಬೆಳೆದಿರ್ತಾವಲ್ಲ. ಆದ್ರೂ ಮನೆ ನಡೆಸೋದು ಅವೇ." ಅವನು ಅಕ್ಕನ ಮುಖ ನೋಡಿದ. "ನಿನ್ನ ಹಾಗೆ."

ಮರುದಿನ ನಾಲ್ಕು ಗಂಟೆಗೆ ಅವಳು ಹೋದಾಗ ಹನ್ನೊಂದನೇ ಹಾಸಿಗೆಗೆ ಹೊಸ ಬಟ್ಟೆ ಹಾಸುತ್ತಿದ್ದರು. ನರ್ಸು ಒಂದು ಕಾಗದದ ಚೀಲ ಕೈಗಿತ್ತಳು. ಬಾಚಣಿಗೆ, ಕನ್ನಡಕ, ಒಂದು ಜೊತೆ ಚಪ್ಪಲಿ, ಬೀಗದ ಕೈ.

ಬೀಗದ ಕೈ ಎರಡು ವಾರ ಅಡುಗೆಮನೆಯ ಮೇಜಿನ ಮೇಲೆ ಬಿದ್ದಿತ್ತು. ಆಣೆ ಹಾಕಿಸಿಕೊಂಡವನೇ ಇಲ್ಲ, ಇನ್ನಾರ ಭಯ ಎಂದು ಮನಸ್ಸು ಒಮ್ಮೆ ಹೇಳಿತು. ಏಳು ಹತ್ತಕ್ಕೆ ಅವಳು ಎದ್ದು ಕಪಾಟಿನ ಮುಂದೆ ನಿಲ್ಲುತ್ತಿದ್ದಳು, ನಿಂತು ವಾಪಸ್ಸು ಬರುತ್ತಿದ್ದಳು. ಬದುಕಿದ್ದಾಗ ಮೀರಿದ ಅವನ ಮಾತನ್ನು ಸತ್ತ ಮೇಲಾದರೂ ಉಳಿಸಿಕೊಳ್ಳಬೇಕೆಂಬ ಹಟ ಅದು. ಕಪಾಟಿನೊಳಗಿದ್ದ ಬಟ್ಟೆಗಳ ಆಸೆ ಬಿಟ್ಟು, ಹೊರಗಿದ್ದ ಎರಡೇ ಜೊತೆಯನ್ನು ಒಗೆದು ಒಗೆದು ಉಟ್ಟಳು. ಪುಸ್ತಕದಲ್ಲಿ ಏನೂ ಬರೆಯಲಿಲ್ಲ. ಸುಳ್ಳು ಬರೆಯಲಿಕ್ಕೂ ಇಬ್ಬರು ಬೇಕು.

ಆರು ವಾರ ತುಂಬಿದ ಬೆಳಿಗ್ಗೆ ಬೀಗ ತೆಗೆದಳು. ಹೊದಿಕೆಯ ನಡುವಿಂದ ಟ್ಯೂಬು ಎತ್ತಿ, ಕಿಟಕಿಗೆ ಬೆನ್ನು ಮಾಡಿ ನಿಂತು, ಕಪ್ಪು ಬಟ್ಟೆ ಸರಿಸಿದಳು. ನೀರು ಅರ್ಧಕ್ಕೆ ಇಳಿದಿತ್ತು. ರಾಣಿ ಇದ್ದಳು. ಅವಳ ಕಾಲ ಬಳಿ ಬಿಳಿ ಹುಳುಗಳ ಗುಪ್ಪೆ, ಆ ಗುಪ್ಪೆಯ ಮೇಲೆ ಎಳ್ಳಿನಷ್ಟು ದಪ್ಪದ ಏನೋ ಒಂದು ಓಡಾಡಿತು. ಮಾಸಲು ಕಂದು ಬಣ್ಣ, ದಾರದಂಥ ಕಾಲು. ಇನ್ನೊಂದು. ಹತ್ತಿಯ ಹತ್ತಿರ ಮತ್ತೊಂದು. ಬೆಳಕಿಗೆ ಗಾಬರಿಯಾಗಿ ಅವು ಒಂದೊಂದು ಹುಳುವನ್ನು ಕಚ್ಚಿಕೊಂಡು ಮರೆ ಹುಡುಕಿ ಓಡಿದವು.

ಮೂರು. ಏಳಲ್ಲ. ಎರಡನೇ ಸಲ ಎಣಿಸಿದಳು, ಮೂರೇ.

ಬಣ್ಣ ಹಚ್ಚದ ಬೀಜ ಅವಳ ಚೀಲದಲ್ಲಿ ಒಂದು ಚೀಟಿಯೊಳಗೆ ವಾರದಿಂದ ಸಿದ್ಧವಾಗಿತ್ತು. ಹುಲ್ಲಿನ ಬೀಜ, ಸಣ್ಣದು. ಮೂರು ಕಾಳನ್ನು ಚಿಮಟದಲ್ಲಿ ಹಿಡಿದು ಬಾಯಿಯ ಹತ್ತಿ ಸರಿಸಿ ಒಳಗೆ ಹಾಕಿ, ಹತ್ತಿಯನ್ನು ಮೊದಲಿನಂತೆ ಸಡಿಲವಾಗಿ ಮುಚ್ಚಿ, ಬಟ್ಟೆ ಸುತ್ತಿ ಕತ್ತಲೆಗೆ ಮರಳಿಸಿದಳು. ಆಮೇಲೆ ಮೇಜಿನ ಮುಂದೆ ಕುಳಿತು ಪುಸ್ತಕ ತೆರೆದಳು. ತಮ್ಮನ ಕೊನೆಯ ಗೀಟಿನ ಕೆಳಗೆ ತಾರೀಕು ಬರೆದಳು, ಸಂಖ್ಯೆ ಬರೆದಳು, ಸಹಿ ಹಾಕಿದಳು. ಪೆನ್ನು ಪಕ್ಕದ ಅಂಕಣಕ್ಕೆ ಹೋಗಿ ನಿಂತಿತು. ಇಷ್ಟು ದಿನದ ಸುಳ್ಳಿಗೆಲ್ಲ ಅಲ್ಲಿ ಸಹಿ ಇತ್ತು. ಒಂದೇ ಕೈ ಎರಡೂ ಸಹಿ ಹಾಕುವಂತಿಲ್ಲ. ಅವಳು ಆ ಜಾಗವನ್ನು ಖಾಲಿ ಬಿಟ್ಟು, ಪುಸ್ತಕ ಮುಚ್ಚಿ, ಕೆಲಸಕ್ಕೆ ಹೊರಟಳು.